ಹಾಡು ಮುಗಿಯೋ ತನಕ ನಿಲ್ಲೋರು

ಕಳೆದ ಅಕ್ಟೋಬರಿನ ಒಂದು ಭಾನುವಾರ. ಪ್ರಾಗ್‌ನ ಚಾರ್ಲ್ಸ್ ಸೇತುವೆಯಿಂದ ಕಾಂಪಾ ಕಡೆಗೆ ಮೆಟ್ಟಿಲು ಇಳಿದೆ. ಕೆಳಗೆ ಒಬ್ಬರು ನಿನ್ಯೆರಾ ಅನ್ನೋ ತಂತಿವಾದ್ಯ ನುಡಿಸುತ್ತಾ ಕೂತಿದ್ದರು. ಜೇಬಿನಿಂದ ಇಪ್ಪತ್ತು ಕ್ರೌನಿನ ನಾಣ್ಯ ತೆಗೆದೆ, ಅವರ ಪೆಟ್ಟಿಗೆಗೆ ಹಾಕಿದೆ, ಹೊರಟೆ. ನಾಲ್ಕು ಹೆಜ್ಜೆ ಹೋಗಿರಬಹುದು. ಹಿಂದಿನಿಂದ ದನಿ ಬಂತು. 'ಯೆಶ್ತ್ಯೆ ನೆನಿ ಕೊನೆತ್ಸ್.' ಇನ್ನೂ ಮುಗಿದಿಲ್ಲ ಅಂತ.

ಸಿಟ್ಟಿನಿಂದ ಹೇಳಿದ್ದಲ್ಲ. ಪಂಕ್ತಿಯಲ್ಲಿ ಕೂತವರು ಅರ್ಧಕ್ಕೇ ಎದ್ದರೆ ಬಡಿಸೋರು 'ಪಾಯಸ ಇನ್ನೂ ಬಂದಿಲ್ಲ, ಕೂತ್ಕೊಳ್ಳಿ' ಅಂತಾರಲ್ಲ, ಹಾಗೆ. ಆದರೂ ನನಗೆ ಚುಚ್ಚಿತು. ವಾಪಸ್ ಬಂದು ನಿಂತೆ. ಆಗ ಸುತ್ತ ನೋಡಿದೆ. ಏಳೆಂಟು ಜನ ಸುಮ್ಮನೆ ನಿಂತಿದ್ದರು. ಯಾರೂ ಇನ್ನೂ ದುಡ್ಡು ಹಾಕಿರಲಿಲ್ಲ. ಹಾಡು ಮುಗಿಯಿತು. ತರಕಾರಿ ಚೀಲ ಹಿಡಿದಿದ್ದ ಒಬ್ಬ ಮುದುಕಿ ಮುಂದೆ ಬಂದರು. ಮಂಡಿ ನೋವಿರಬೇಕು, ಕಷ್ಟಪಟ್ಟು ಬಗ್ಗಿ ನಾಣ್ಯವನ್ನು ಪೆಟ್ಟಿಗೆಯೊಳಗೆ ಇಟ್ಟರು. ಎಸೆಯಲಿಲ್ಲ, ಇಟ್ಟರು.

ಅವತ್ತಿನಿಂದ ಒಂದು ಮಾತು ನನ್ನ ತಲೆಯಲ್ಲಿ ಕೊರೀತಾ ಇದೆ. ನಮ್ಮಲ್ಲಿ ಏನಂತೀವಿ? 'ಕೊಟ್ಟು ಕಳಿಸು.' ಬಾಗಿಲಲ್ಲಿ ಯಾರೋ ಹಾಡ್ತಿದ್ದಾರೆ ಅಂದ್ರೆ ಒಳಗಿನಿಂದ ಬರೋ ಮಾತು ಇದೇ, ಅಲ್ವಾ? ಕೊಡೋದೇ ಕಳಿಸೋಕೆ. ಹಾಡು ನಿಲ್ಲಲಿ ಅಂತ ನಾವು ಕೊಡ್ತೀವಿ. ಆ ಮುದುಕಿ ಕೊಟ್ಟಿದ್ದು ಹಾಡು ಕೇಳಿ ಆಯ್ತು ಅಂತ.

ನಿನ್ಯೆರಾ ನೋಡದವರಿಗೆ ಒಂದೆರಡು ಮಾತು. ತೊಡೆಯ ಮೇಲೆ ಇಟ್ಟುಕೊಳ್ಳೋ ಮರದ ಪೆಟ್ಟಿಗೆ. ಒಳಗೊಂದು ಮರದ ಚಕ್ರ, ಹೊರಗೊಂದು ಹಿಡಿ. ಬಲಗೈಯಲ್ಲಿ ಹಿಡಿ ತಿರುಗಿಸಿದರೆ ರಾಳ ಸವರಿದ ಚಕ್ರ ತಂತಿಗಳನ್ನು ಉಜ್ಜುತ್ತದೆ. ಪಿಟೀಲಿನ ಕಮಾನು ಮಾಡೋ ಕೆಲಸವನ್ನೇ ಇಲ್ಲಿ ಚಕ್ರ ಮಾಡುತ್ತದೆ. ಎಡಗೈ ಬೆರಳು ಮರದ ಕೀಲಿಗಳನ್ನು ಒತ್ತಿ ಸ್ವರ ಹಿಡಿಯುತ್ತದೆ. ಒಂದೆರಡು ತಂತಿ ಮಾತ್ರ ಸ್ವರ ಬದಲಿಸದೆ ಒಂದೇ ಸಮನೆ ಮೊಳಗುತ್ತಾ ಇರುತ್ತವೆ. ನನ್ನ ಕಿವಿಗೆ ಮೊದಲು ಬಿದ್ದಿದ್ದೇ ಅದು. ಅದು ಶ್ರುತಿ. ನಮ್ಮ ತಂಬೂರಿಯ ಶ್ರುತಿಯೇ. ಈ ವಾದ್ಯದ ಹಳೆಯ ರೂಪವನ್ನು ಇಬ್ಬರು ಕೂತು ನುಡಿಸುತ್ತಿದ್ದರು, ಒಬ್ಬರು ಚಕ್ರಕ್ಕೆ, ಒಬ್ಬರು ಕೀಲಿಗೆ. ಸ್ಪೇನಿನ ಸಾಂತಿಯಾಗೊ ಚರ್ಚಿನ ಬಾಗಿಲ ಮೇಲೆ 12ನೇ ಶತಮಾನದ ಕೊನೆಯಲ್ಲಿ ಕೆತ್ತಿದ ಶಿಲ್ಪದಲ್ಲೇ ಅದು ಇದೆ.

ಆಮೇಲೆ ನಾನು ಪ್ರತಿ ಭಾನುವಾರ ಹೋಗತೊಡಗಿದೆ. ನನ್ನ ಜೆಕ್ ಭಾಷೆ ಅಷ್ಟಕ್ಕಷ್ಟೆ. ಅವರಿಗೆ ಇಂಗ್ಲಿಷ್ ಸ್ವಲ್ಪ. ಹಾಗೂ ಹೀಗೂ ಮಾತು ನಡೆಯಿತು. ಬೊಹೀಮಿಯಾದ ದಕ್ಷಿಣ ಭಾಗದವರು. ವಯಸ್ಸು ಐವತ್ತು ದಾಟಿದೆ. ವಾದ್ಯ ಅವರೇ ಮಾಡಿಕೊಂಡಿದ್ದು. ತೇವ ಜಾಸ್ತಿಯಾದರೆ ಮರ ಹಿಗ್ಗಿ ಶ್ರುತಿ ಕೆಡುತ್ತದೆ. ಚಕ್ರಕ್ಕೆ ತಾಗೋ ಕಡೆ ತಂತಿಗೆ ಹತ್ತಿ ಸುತ್ತಬೇಕು. ಒಂದು ಎಳೆ ಹೆಚ್ಚಾದರೂ ಕಡಿಮೆಯಾದರೂ ದನಿ ಕಿರುಗುಟ್ಟುತ್ತದೆ. ಜೇಬಿನಲ್ಲಿ ಯಾವಾಗಲೂ ಹತ್ತಿ ಉಂಡೆ. ಬೆರಳತುದಿ ಕತ್ತರಿಸಿದ ಕೈಗವಸು. ಅಕ್ಟೋಬರಿನಲ್ಲೇ ಗಾಳಿ ವ್ಲ್ತಾವಾ ನದಿಯ ಮೇಲಿಂದ ಚಾಕುವಿನ ಹಾಗೆ ಬರುತ್ತದೆ.

ಜೂನ್ ತಿಂಗಳು ಅವರಿಗೆ ಸುಗ್ಗಿ. ಚೆಸ್ಕಿ ಕ್ರುಮ್ಲೊವ್ ಊರಿನಲ್ಲಿ ಐದೆಸಳಿನ ಗುಲಾಬಿ ಹಬ್ಬ ನಡೆಯುತ್ತದೆ. ಊರಿಗೆ ಊರೇ ಹಳೇ ಕಾಲದ ಬಟ್ಟೆ ತೊಡುತ್ತದೆ. ಕೋಟೆ ಇರೋ ಬೇರೆ ಊರುಗಳಲ್ಲೂ ಬೇಸಿಗೆಯಲ್ಲಿ ಕರೆಸುತ್ತಾರೆ. ಡಿಸೆಂಬರಿನಲ್ಲಿ ಕ್ರಿಸ್‌ಮಸ್ ಸಂತೆಗಳು. ಉಳಿದ ತಿಂಗಳು ಈ ಬೀದಿ, ಜೊತೆಗೆ ಬಡಗಿ ಕೆಲಸ. ಬೀದಿಯಲ್ಲಿ ಕೂರೋಕೂ ನಗರದ ಕಟ್ಟುಪಾಡುಗಳಿವೆ. ಅವರ ಗುರುವಿನ ಕಾಲ ಇದಕ್ಕಿಂತ ಕಷ್ಟದ್ದು. 1989ಕ್ಕೆ ಮುಂಚೆ, ಕಮ್ಯುನಿಸ್ಟ್ ಸರ್ಕಾರ ಇದ್ದಾಗ, ದುಡ್ಡಿಗೆ ನುಡಿಸಬೇಕಾದರೆ ಸಮಿತಿಯ ಮುಂದೆ ಪರೀಕ್ಷೆ ಕೊಡಬೇಕಿತ್ತು. ಸಂಗೀತದ ಜೊತೆ ರಾಜಕೀಯದ ಪ್ರಶ್ನೆಗಳೂ ಇರುತ್ತಿದ್ದವು.

ಅವರ ಬದುಕು ಹಗುರ ಅಂತ ನಾನು ಹೇಳ್ತಿಲ್ಲ. ಮಳೆ ಬಂದ ದಿನ ಒಂದು ಬಟ್ಟಲು ಸೂಪಿನ ದುಡ್ಡೂ ಹುಟ್ಟಲ್ಲ ಅಂತ ಅವರೇ ಹೇಳಿದರು. ಆದರೆ ಅವರನ್ನು ಯಾರೂ ಭಿಕ್ಷುಕ ಅಂತ ಕಾಣಲ್ಲ. 'ಒಬ್ಬ ಜೆಕ್ ಅಂದ್ರೆ ಒಬ್ಬ ಸಂಗೀತಗಾರ' ಅಂತ ಇವರಲ್ಲಿ ಗಾದೆಯೇ ಇದೆ. ಕೆಲಸ ಏನು ಅಂತ ಕೇಳಿದರೆ ಅವರು 'ಮುಜಿಕಾಂತ್' ಅಂತಾರೆ, ಅಷ್ಟೆ. ಅದರಲ್ಲಿ ಹಿಂಜರಿಕೆ ಇಲ್ಲ.

ನಮ್ಮ ಶಿಕಾರಿಪುರದ ಕಡೆ ಕಿನ್ನರಿ ಅನ್ನೋ ತಂತಿವಾದ್ಯ ಮೀಟುತ್ತಾ ಮನೆ ಮನೆಗೆ ಬಂದು ಹಾಡೋ ಕಿನ್ನರಿ ಜೋಗಿಗಳಲ್ಲಿ ಎಷ್ಟು ಜನ ಇವತ್ತು ಹಾಗೆ ಹೇಳಬಲ್ಲರು? ಹೋದ ವರ್ಷ ರಜೆಗೆ ಬಂದಾಗ ಬೆಂಗಳೂರಿನಲ್ಲಿ ತಂಗಿಯ ಮನೆಯಲ್ಲಿದ್ದೆ. ಅಪಾರ್ಟ್‌ಮೆಂಟಿನ ಗೇಟಿನಲ್ಲಿ ಒಬ್ಬರು ಕಿನ್ನರಿ ಹಿಡಿದು ನಿಂತಿದ್ದರು. ಮೂರು ಬುರುಡೆ, ಗೆಜ್ಜೆ, ಎಲ್ಲಾ ಹಾಗೇ. ತಂತಿ ಮೀಟಿ ಎರಡು ಸಾಲು ಹಾಡಿರಬಹುದು. ಸೆಕ್ಯೂರಿಟಿಯವನು ಲಾಠಿ ತೋರಿಸಿದ. ಯಾರೋ ಕಾರಿನ ಗಾಜು ಇಳಿಸಿ ಹತ್ತು ರೂಪಾಯಿ ಚಾಚಿದರು, ಮುಂದೆ ಹೋಗು ಅಂತ. ನಾನೂ ಬಾಲ್ಕನಿಯಲ್ಲೇ ನಿಂತಿದ್ದೆ. ಇಳಿಯಲಿಲ್ಲ.

ಅದೇ ಸಂಜೆ ನಾವೆಲ್ಲ ಟಿಕೆಟ್ ತಗೊಂಡು ಜಾನಪದ ಕಾರ್ಯಕ್ರಮಕ್ಕೆ ಹೋದೆವು. ವೇದಿಕೆ, ಲೈಟು, ಶಾಲು, ಹಾರ. ಅಲ್ಲಿ ಕಿನ್ನರಿ ಬಂದಾಗ ಚಪ್ಪಾಳೆ ಹೊಡೆದೆವು. ಬೆಳಿಗ್ಗೆ ಗೇಟಿನ ಹತ್ತಿರ ಓಡಿಸಿದ ವಾದ್ಯವೇ ಅದು. ವೇದಿಕೆ ಹತ್ತಿದರೆ ಕಲಾವಿದ, ಬಾಗಿಲಿಗೆ ಬಂದರೆ ಬೇಡುವವನು. ಈ ಲೆಕ್ಕ ನನಗೆ ಇವತ್ತಿಗೂ ಅರ್ಥವಾಗಿಲ್ಲ. ಮನೆ ಬಾಗಿಲಿಗೇ ಬರೋ ವಿದ್ಯೆಯನ್ನು ನಾವು ಇಷ್ಟು ಅಗ್ಗ ಮಾಡಿಕೊಂಡಿದ್ದೀವಲ್ಲ ಅಂತ ಸಂಕಟವಾಗುತ್ತದೆ.

ಒಂದು ಭಾನುವಾರ ನಿನ್ಯೆರಾದವರಿಗೆ ಫೋನಿನಲ್ಲಿ ಕಿನ್ನರಿ ಜೋಗಿಗಳ ವಿಡಿಯೊ ತೋರಿಸಿದೆ. ಅವರು ಚಕ್ರ ನಿಲ್ಲಿಸಿ ಎರಡು ಸಲ ನೋಡಿದರು. ಇವರಿಗೆ ಯಾರು ಕಲಿಸಿದ್ದು ಅಂತ ಕೇಳಿದರು. ಅಪ್ಪ, ಅವರಿಗೆ ಅವರಪ್ಪ ಅಂದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಅಂದರು, ನನಗೆ ಕಲಿಸಿದ್ದು ಚಿತ್ರಗಳು.

ಇದನ್ನು ಬರೆಯೋಕೆ ಮನಸ್ಸಿಲ್ಲ, ಆದರೂ ಬಿಟ್ಟರೆ ಮೋಸವಾಗುತ್ತದೆ. ಇಲ್ಲಿನ ಎಷ್ಟೋ ಹಳೆಯ ವಾದ್ಯಗಳ ಪರಂಪರೆ ನಡುವೆ ಕಡಿದುಹೋಗಿದೆ. ಪ್ರಾಗ್ ಕೋಟೆಯ ಸೇಂಟ್ ಜಾರ್ಜ್ ಮಠದಲ್ಲಿ ಕುನ್ಹುತಾ ಅನ್ನೋ ರಾಜಕುಮಾರಿ ಮಠಾಧಿಪತಿಯಾಗಿದ್ದಳು. 14ನೇ ಶತಮಾನದ ಆರಂಭದಲ್ಲಿ ಅವಳಿಗಾಗಿ ಬರೆದ ಚಿತ್ರಗ್ರಂಥದಲ್ಲಿ ರೆಕ್ಕೆಯ ಆಕಾರದ ಒಂದು ತಂತಿವಾದ್ಯ ಇದೆ. ಅಂಥ ಚಿತ್ರಗಳನ್ನು ಮುಂದಿಟ್ಟುಕೊಂಡು ಅದನ್ನು ಮತ್ತೆ ಕಟ್ಟಿದ್ದಾರೆ. ಖೊಡ್ಸ್ಕೊ ಕಡೆಯ ದುದಿ ಮಾತ್ರ ಬೇರೆ. ಮೇಕೆ ತಲೆ ಕೆತ್ತಿದ ಆ ತಿತ್ತಿಯ ವಾದ್ಯ ಹಳ್ಳಿಗಳಲ್ಲಿ ಉಳಿದುಕೊಂಡೇ ಬಂತು. ಸ್ತ್ರಾಕೊನಿತ್ಸೆಯಲ್ಲಿ 1967ರಿಂದ ಅದಕ್ಕೆ ಅಂತಲೇ ಅಂತರರಾಷ್ಟ್ರೀಯ ಉತ್ಸವವೂ ಇದೆ.

ಇನ್ನೊಂದು ಮಾತು. ಹಾಡು ಮುಗಿಯೋ ತನಕ ನಿಲ್ಲೋರಲ್ಲಿ ಮುಕ್ಕಾಲು ಪಾಲು ನನ್ನಂಥ ಹೊರಗಿನವರೇ. ನನ್ನ ಜೆಕ್ ಸಹೋದ್ಯೋಗಿಗಳು ಗದ್ದಲಕ್ಕೆ ಹೆದರಿ ಆ ಸೇತುವೆ ಕಡೆ ಹೋಗೋದೇ ಇಲ್ಲ. ಕೇಳಿದವರು ನಾಳೆ ವಿಮಾನ ಹತ್ತುತ್ತಾರೆ. ಆ ನಿನ್ಯೆರಾದವರ ಊರು ಯಾವುದು, ಮಕ್ಕಳು ಎಷ್ಟು, ಯಾರಿಗೂ ಗೊತ್ತಿಲ್ಲ. ನಮ್ಮೂರಿಗೆ ಬರುತ್ತಿದ್ದ ಜೋಗಿಗೆ ನಮ್ಮ ಮನೆಯ ನಾಲ್ಕು ತಲೆಮಾರಿನ ಹೆಸರು ಗೊತ್ತಿತ್ತು. ಕಣ ಆದ ಮೇಲೆ ಅವರ ಪಾಲಿನ ಭತ್ತ ಬೇರೆ ಇಡುತ್ತಿದ್ದರು. ಮೊರದಲ್ಲಿ ಭತ್ತ ಹಿಡಿದು ನಿಂತ ನನ್ನ ಅಜ್ಜಿ ತಕ್ಷಣ ಹಾಕುತ್ತಿರಲಿಲ್ಲ. 'ಹೋದ ಸಲ ಅರ್ಜುನ ಜೋಗಿ ಕತೆ ಅರ್ಧಕ್ಕೆ ಬಿಟ್ಟು ಹೋದೆ, ಅದನ್ನ ಮುಗಿಸು ಮೊದ್ಲು' ಅನ್ನುತ್ತಿದ್ದಳು. ಜೋಗಿ ಜಗಲಿಯ ಮೇಲೆ ಕೂರುತ್ತಿದ್ದರು. ಜೋಳಿಗೆ ಪಕ್ಕಕ್ಕೆ ಸರಿಯುತ್ತಿತ್ತು.

ಮೊನ್ನೆ ಭಾನುವಾರ ನಿನ್ಯೆರಾದವರು ಕೀಲಿ ಮುಟ್ಟದೆ ಬರೀ ಶ್ರುತಿ ಹಿಡಿದು, ನಿಮ್ಮ ಜೋಗಿಯ ಆ ಹಾಡು ಹೇಳಿ ಅಂದರು. ಎರಡು ಸಾಲು ಬಂತು. ಮೂರನೆಯದು ನೆನಪಾಗಲಿಲ್ಲ. ಅಲ್ಲೇ ನಿಂತು ಅಮ್ಮನಿಗೆ ಫೋನ್ ಮಾಡಿದೆ. 'ನಂಗೂ ಅಷ್ಟೇ ಬರೋದು ಕಣೋ, ಅಜ್ಜಿಗೆ ಪೂರ್ತಿ ಬರ್ತಿತ್ತು' ಅಂದಳು. ಅವರು ಇನ್ನೂ ಚಕ್ರ ತಿರುಗಿಸುತ್ತಲೇ ಇದ್ದರು.