ಅವರಿಗೆ ಎರಡನೇ ವರ್ಷವೇ ಮೊದಲ ವರ್ಷ
'ಮೊದಲ ವರ್ಷ ದಾಟಿದವರಿಗೆ ಕಾಲೇಜು ಪಳಗಿರುತ್ತದೆ, ಆಮೇಲೆ ಮೆಂಟರ್‌ಗಳು ಪಾಠದ ಕಡೆ ಗಮನ ಕೊಟ್ಟರೆ ಸಾಕು' ಎಂದಿದ್ದಾರೆ, ವಿದ್ಯಾರ್ಥಿಗಳಿಗೆ ದಾರಿ ತೋರಿಸುವ ಕಾಲೇಜು ಮೆಂಟರ್‌ಗಳ ಬಗ್ಗೆ ಲೇಖನ ಬರೆದವರು. ಎಂಜಿನಿಯರಿಂಗ್ ಕಾಲೇಜಿನ ಮಟ್ಟಿಗೆ ಈ ಮಾತು ಒಪ್ಪಲಾರೆ. ಡಿಪ್ಲೊಮಾ ಮುಗಿಸಿ, ಡಿಸಿಇಟಿ (ಡಿಪ್ಲೊಮಾದವರ ಪ್ರವೇಶ ಪರೀಕ್ಷೆ) ಬರೆದು ನೇರವಾಗಿ ಮೂರನೇ ಸೆಮಿಸ್ಟರ್‌ಗೆ, ಅಂದರೆ ಎರಡನೇ ವರ್ಷಕ್ಕೆ ಬರುವವರಿಗೆ ಎಲ್ಲವೂ ಹೊಸತು. ತಾಂತ್ರಿಕ ಶಿಕ್ಷಣದ ರಾಷ್ಟ್ರೀಯ ಮಂಡಳಿ ಎಐಸಿಟಿಇ ಹೇಳಿದ 3 ವಾರಗಳ ಇಂಡಕ್ಷನ್, ಅಂದರೆ ಹೊಸಬರಿಗೆ ಕಾಲೇಜಿನ ಪರಿಚಯ, ಮೊದಲ ವರ್ಷದವರಿಗೇ ಮುಗಿದುಹೋಗಿರುತ್ತದೆ.

ನಾನೂ ಹಾಗೆ ಬಂದವನು. ಸೀಟು ಸಿಕ್ಕಿ ಕಾಲೇಜಿಗೆ ಕಾಲಿಡುವಷ್ಟರಲ್ಲಿ ಮೊದಲ ಇಂಟರ್ನಲ್ಸ್ ಪರೀಕ್ಷೆ ಹತ್ತಿರ ಬಂದಿತ್ತು. ವರ್ಕ್‌ಶಾಪಿನ ಲೇತ್ ಯಂತ್ರದ ಮುಂದೆ ನಿಂತರೆ ಪಿಯುಸಿಯಿಂದ ಬಂದವರಿಗಿಂತ ನಾನೇ ಮುಂದು. ಆದರೆ ಮ್ಯಾಥ್ಸ್ ತರಗತಿಯಲ್ಲಿ ಮೇಷ್ಟ್ರು 'ಇದು ಫಸ್ಟ್ ಸೆಮ್‌ನಲ್ಲೇ ಆಗಿದೆಯಲ್ಲ' ಎಂದು ಮುಂದಕ್ಕೆ ಹೋದಾಗ ಕೈ ಎತ್ತಲು ಧೈರ್ಯ ಬರುತ್ತಿರಲಿಲ್ಲ. ಡಿಪ್ಲೊಮಾದವರಿಗೆಂದೇ ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಹೆಚ್ಚುವರಿ ಗಣಿತ ಇಟ್ಟಿತ್ತು, ನಿಜ. ನಮ್ಮಲ್ಲಿ ಅದರ ತರಗತಿ ನಡೆಯುತ್ತಿದ್ದದ್ದು ಸಂಜೆ, ನಮ್ಮೂರಿನ ಬಸ್ಸು ಹೊರಡುವ ಹೊತ್ತಿಗೆ.

ನನ್ನನ್ನು ಉಳಿಸಿದವರು ಲ್ಯಾಬ್ ಇನ್‌ಸ್ಟ್ರಕ್ಟರ್ ಒಬ್ಬರು. ಅವರೂ ಡಿಪ್ಲೊಮಾ ಓದಿದವರು. ಮೊದಲ ವಾರವೇ ಹೆಸರು ಹಿಡಿದು ಕರೆದು, ಪಿಯುಸಿಯಿಂದ ಬಂದ ಹುಡುಗನೊಬ್ಬನ ಬ್ಯಾಚಿಗೆ ಹಾಕಿದರು. ಅವನು ನನಗೆ ಇಂಟಿಗ್ರೇಷನ್ ಹೇಳಿಕೊಟ್ಟ, ನಾನು ಅವನಿಗೆ ಮಷಿನ್ ಡ್ರಾಯಿಂಗ್ ಓದುವುದನ್ನು ಕಲಿಸಿದೆ. ಇದಕ್ಕೆ ಹಣವೂ ಬೇಕಿರಲಿಲ್ಲ, ಸುತ್ತೋಲೆಯೂ ಬೇಕಿರಲಿಲ್ಲ. ಮೆಂಟರ್ ಪಟ್ಟಿ ಮಾಡುವಾಗ ಡಿಪ್ಲೊಮಾ ಮುಗಿಸಿ ಬಂದ ಇಂಥ ಹುಡುಗ ಹುಡುಗಿಯರನ್ನು ಮೊದಲು ಗುರುತಿಸಲಿ. ಆ ಗಣಿತದ ತರಗತಿಯನ್ನು ದಯವಿಟ್ಟು ಮಧ್ಯಾಹ್ನದೊಳಗೆ ಇಡಲಿ.