ತೋಪಿನ ಬಾಯಿ ಯಾವ ಕಡೆಗಿರಬೇಕು?

ಒಂದೂವರೆ ತಿಂಗಳಿಂದ ನಮ್ಮ ವಿಜಯಪುರ ಒಂದೇ ಪ್ರಶ್ನೆಯನ್ನು ಅಗಿಯುತ್ತಿದೆ: ಮಲಿಕ್-ಎ-ಮೈದಾನ್ ತೋಪಿನ ಬಾಯಿ ಯಾವ ಕಡೆಗಿರಬೇಕು? ಗಾಂಧಿ ಚೌಕದ ಚಹಾದಂಗಡಿಯಲ್ಲಿ ಇದೇ ಮಾತು. ಕ್ಷೌರದಂಗಡಿಯಲ್ಲಿ ಅರ್ಧ ಗಡ್ಡ ಕೆರೆದು ಕತ್ತಿ ನಿಲ್ಲಿಸಿ ಇದೇ ಮಾತು. ಮೊನ್ನೆ ಒಂದು ನಿಶ್ಚಿತಾರ್ಥದಲ್ಲಿ ಗಂಡಿನ ಕಡೆಯವರು ಪಶ್ಚಿಮವೆಂದೂ ಹೆಣ್ಣಿನ ಕಡೆಯವರು ಉತ್ತರವೆಂದೂ ಹಟ ಹಿಡಿದು, ಬಡಿಸಿದ ಹೋಳಿಗೆಯ ಮೇಲಿನ ತುಪ್ಪ ಹೆಪ್ಪುಗಟ್ಟಿತು. ನಮ್ಮ ಓಣಿಯ ನಳಕ್ಕೆ ನೀರು ಬಂದು ಒಂಬತ್ತು ದಿನವಾಯಿತು. ಟ್ಯಾಂಕರಿನ ಮುಂದೆ ಕೊಡ ಹಿಡಿದು ನಿಂತವರು ಕೂಡ ನೀರಿನ ಸುದ್ದಿ ಎತ್ತುತ್ತಿಲ್ಲ. ತೋಪಿನ ಸುದ್ದಿ ಮುಗಿಯದೆ ನೀರಿನದು ಹೇಗೆ ಎತ್ತುವುದು?

ಪ್ರಶ್ನೆಯನ್ನು ಹುಟ್ಟಿಸಿದವರು ನಮ್ಮ ಸಾಹೇಬರು. ಯಾವ ಸಾಹೇಬರು, ಯಾವ ಪಕ್ಷ ಎಂದು ಹುಡುಕಲು ಹೊರಡಬೇಡಿ. ನಾಲ್ಕಾರು ಜನರ ಮೈಯಳತೆ ತೆಗೆದು ನಾನೇ ಹೊಲಿದ ಅಂಗಿ ಇದು. ತನಗೇ ಹೊಲಿದದ್ದು ಎಂದು ಯಾರಿಗಾದರೂ ಅನ್ನಿಸಿದರೆ ಗುಂಡಿ ಹಾಕಿಕೊಂಡು ನೋಡಲಿ.

ಕಥೆ ಶುರುವಾದದ್ದು ತೋಪಿನಿಂದಲ್ಲ, ನಮ್ಮ ಓಣಿಯ ನಿವೃತ್ತ ಗಣಿತದ ಮಾಸ್ತರರಿಂದ. ಅವರಿಗೆ ಒಂದು ಕೆಟ್ಟ ಚಟವಿದೆ. ಓದುತ್ತಾರೆ. ಚುನಾವಣೆಗೆ ನಿಂತವರು ನಮೂನೆ 26ರಲ್ಲಿ ಪ್ರಮಾಣ ಮಾಡಿ ಕೊಡುವ ಆಸ್ತಿ ವಿವರ ಆಯೋಗದ ಜಾಲತಾಣದಲ್ಲಿ ಎಲ್ಲರಿಗೂ ಸಿಗುತ್ತದೆ. ಮಾಸ್ತರರು ಸಾಹೇಬರ 2018ರ ಪ್ರಮಾಣಪತ್ರವನ್ನೂ 2023ರದನ್ನೂ ಅಚ್ಚು ಹಾಕಿಸಿ, ಕಟ್ಟೆಯ ಮೇಲೆ ಪಕ್ಕಪಕ್ಕ ಹಾಸಿಕೊಂಡು, ಕೆಂಪು ಪೆನ್ನು ಹಿಡಿದು ಕುಳಿತರು. ನಲವತ್ತು ವರ್ಷ ಉತ್ತರಪತ್ರಿಕೆ ತಿದ್ದಿದ ಕೈ ಅದು, ಸುಮ್ಮನಿರುವುದಿಲ್ಲ.

2018ರಲ್ಲಿ ಜಮೀನು 6 ಎಕರೆ. 2023ರಲ್ಲಿ 61. ಮಾಸ್ತರರು ಮೊದಲು ಅಚ್ಚಿನ ದೋಷವೆಂದು ಭಾವಿಸಿ ಕನ್ನಡಕ ಒರೆಸಿಕೊಂಡರು. ಆದಾಯದ ಮೂಲ: ಕೃಷಿ. ಕೃಷಿಯ ಆದಾಯಕ್ಕೆ ತೆರಿಗೆ ಇಲ್ಲದಿರುವುದರಿಂದ ನಮ್ಮ ನಾಯಕರಲ್ಲಿ ಮಣ್ಣಿನ ಮಕ್ಕಳ ಸಂಖ್ಯೆ ವಿಪರೀತ. ಡೋಣಿ ನದಿ ಸಾಲಿನ ಎರೆಭೂಮಿಯಲ್ಲಿ ಹುಟ್ಟಿ ಬೆಳೆದ ರೈತ ಬಿತ್ತಿದ ಜೋಳ ಬಾಡುವುದನ್ನು ನೋಡುತ್ತ ಕುಳಿತ ವರ್ಷವೂ, ಬದುವಿನ ಆಚೆ ಸಾಹೇಬರ ಹೊಲದಲ್ಲಿ ಲಕ್ಷಗಳು ಫಸಲಿಗೆ ಬಂದಿವೆ. ಅದು ಯಾವ ತಳಿ ಎಂದು ಕೃಷಿ ವಿಶ್ವವಿದ್ಯಾಲಯದವರು ಬಂದು ನೋಡಬೇಕು.

ಸ್ವಂತ ಮನೆ: ಇಲ್ಲ. ವಾಹನ: ಇಲ್ಲ. ಹಿಂದೆ ಇಂಥ ಕಡೆ ಖಾಲಿ ಬಿಡುವ ರೂಢಿಯಿತ್ತು. ಖಾಲಿ ಬಿಡುವಂತಿಲ್ಲ, ಏನಾದರೂ ಬರೆಯಲೇಬೇಕು ಎಂದು 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಸಾಹೇಬರು ಕಾನೂನಿಗೆ ತಲೆಬಾಗುವವರು. ಅಂದಿನಿಂದ ಎಲ್ಲ ಕಡೆ ‘ಇಲ್ಲ’ ಎಂದು ಬರೆಯುತ್ತಾರೆ. ಅವರ ಹಿಂದೆ ಮುಂದೆ ಓಡುವ ಐದು ಕಾರುಗಳಲ್ಲಿ ಒಂದು ಅವರ ಅಡುಗೆಯವನ ಹೆಸರಿನಲ್ಲಿದೆ. ಅಡುಗೆಯವನು ಕೆಲಸಕ್ಕೆ ಸೈಕಲ್ಲಿನಲ್ಲಿ ಬರುತ್ತಾನೆ. ಪತ್ನಿಯ ಉದ್ಯೋಗ ‘ಗೃಹಿಣಿ’. ಆಕೆ ಗಂಡನಿಗೆ ಕೊಟ್ಟ ಸಾಲ ಎರಡು ಕೋಟಿ ಹತ್ತು ಲಕ್ಷ. ಸಾಸಿವೆ ಡಬ್ಬಿಯಲ್ಲಿ ಕೂಡಿಟ್ಟದ್ದು ಇರಬೇಕು. ದೊಡ್ಡ ಡಬ್ಬಿ.

ಮಾಸ್ತರರು ಒಂದು ಸಂಜೆ ಸಾಹೇಬರ ಸಾರ್ವಜನಿಕ ಸಭೆಯಲ್ಲಿ ಎದ್ದು ನಿಂತು ಕೇಳಿಯೇಬಿಟ್ಟರು: “ಆರು ಎಕರೆ ಐದು ವರ್ಷದಲ್ಲಿ ಅರವತ್ತೊಂದಾಗುವ ಲೆಕ್ಕವನ್ನು ನಮಗೂ ಕಲಿಸಿಕೊಡಿ. ನಾನು ಇಷ್ಟು ವರ್ಷ ಮಕ್ಕಳಿಗೆ ತಪ್ಪು ಹೇಳಿಕೊಟ್ಟೆನೇನೋ.” ಜನ ನಕ್ಕರು. ಸಾಹೇಬರು ಕೂಡ ನಕ್ಕರು. ಪಕ್ಕದವನ ಕಿವಿಯಲ್ಲಿ ಏನೋ ಹೇಳಿ ನೀರು ಕುಡಿದರು. ನಾನು ಮೂರನೆಯ ಸಾಲಿನಲ್ಲಿದ್ದೆ. ಲೋಟ ಹಿಡಿದ ಕೈ ಸ್ವಲ್ಪ ನಡುಗಿದಂತೆ ಕಂಡಿತು. ಇನ್ನೇನು ಬಂತು ಉತ್ತರ ಎಂದುಕೊಂಡೆ.

ಬೆಳಗಾಗುವುದರೊಳಗೆ ತೋಪು ಬಂತು.

ತೋಪು ಕುಳಿತಿರುವ ಶೇರ್ಜಾ ಬುರುಜಿನ ಮೆಟ್ಟಿಲೇರಿ, ಕ್ಯಾಮೆರಾಗಳ ಮುಂದೆ ನಿಂತು, ಸಾಹೇಬರು ಕಣ್ಣೀರು ಒರೆಸಿಕೊಂಡರು. “ಈ ತೋಪು ಈಗ ಮುಖ ಮಾಡಿರುವ ದಿಕ್ಕು ನಮ್ಮ ಸ್ವಾಭಿಮಾನಕ್ಕೆ ಆದ ಅವಮಾನ. ಇದನ್ನು ತಿರುಗಿಸುವವರೆಗೆ ನಾನು ನಿದ್ರಿಸುವುದಿಲ್ಲ.” ಯಾವ ಕಡೆಗೆ ತಿರುಗಿಸಬೇಕು ಎಂಬುದನ್ನು ಮಾತ್ರ ಹೇಳಲಿಲ್ಲ. ಅಲ್ಲಿಯೇ ಇರುವುದು ಅವರ ಜಾಣತನ. ದಿಕ್ಕು ಹೇಳಿದ್ದರೆ ಎರಡು ದಿನದ ಜಗಳ. ಹೇಳದೆ ಬಿಟ್ಟದ್ದರಿಂದ ಎಂಟು ದಿಕ್ಕಿಗೂ ಒಂದೊಂದು ಗುಂಪು ಹುಟ್ಟಿಕೊಂಡಿತು.

ತೋಪಿನ ವಿಷಯ ಸ್ವಲ್ಪ ಹೇಳಬೇಕು. 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದದ್ದು, ತೂಕ ಸುಮಾರು 55 ಟನ್. ಬಾಯಿಯ ಸುತ್ತ ದವಡೆ ತೆರೆದ ಸಿಂಹ, ಹಲ್ಲಿನ ನಡುವೆ ನಲುಗುವ ಆನೆ. 1632ರಲ್ಲಿ ಪರಾಂಡಾ ಕೋಟೆಯಿಂದ ಇಲ್ಲಿಗೆ ಎಳೆದು ತರಲು ಹತ್ತು ಆನೆ, ನಾನೂರು ಎತ್ತು, ನೂರಾರು ಆಳು ಬೇಕಾಯಿತು ಎನ್ನುತ್ತಾರೆ. ನಡುಮಧ್ಯಾಹ್ನದ ಬಿಸಿಲಿನಲ್ಲೂ ಮುಟ್ಟಿದರೆ ತಣ್ಣಗಿರುತ್ತದೆ, ಬೆರಳಿನಿಂದ ತಟ್ಟಿದರೆ ಗಂಟೆಯಂತೆ ಗುಂಯ್‌ಗುಡುತ್ತದೆ. 1854ರಲ್ಲಿ ಬ್ರಿಟಿಷರು ಹರಾಜಿಗೆ ಇಟ್ಟಾಗ ಬಂದ ಹೆಚ್ಚಿನ ಬೆಲೆ 150 ರೂಪಾಯಿಯಂತೆ. ನಾಚಿಕೆಯಾಗಿಯೋ ಏನೋ ಮಾರಾಟ ರದ್ದು ಮಾಡಿದರು. ಆಗ ನಮ್ಮ ಸಾಹೇಬರು ಇದ್ದಿದ್ದರೆ ಪತ್ನಿಯಿಂದ ಸಾಲ ತೆಗೆದುಕೊಂಡು ಕೊಂಡುಬಿಡುತ್ತಿದ್ದರು. ಪ್ರಮಾಣಪತ್ರದಲ್ಲಿ ‘ತೋಪು: ಇಲ್ಲ’ ಎಂದಿರುತ್ತಿತ್ತು.

ಇದು ಕೇಂದ್ರ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕ. 1958ರ ಕಾಯ್ದೆಯ ಪ್ರಕಾರ ಅಲ್ಲಿ ಒಂದು ಮೊಳೆ ಹೊಡೆಯಲಿಕ್ಕೂ ಅಪ್ಪಣೆ ಬೇಕು. ತಿರುಗಿಸುವುದಂತೂ ದೂರದ ಮಾತು. ಪಾಪ, ಸಾಹೇಬರಿಗೆ ಇದು ಗೊತ್ತಿಲ್ಲ ಎಂದು ನನ್ನ ಗೆಳೆಯನೊಬ್ಬ ಮರುಗಿದ. ಗೊತ್ತಿದ್ದುದರಿಂದಲೇ ಆರಿಸಿಕೊಂಡಿದ್ದಾರೆ ಮಾರಾಯ! ಓಣಿಯ ಗಟಾರ ಸರಿಮಾಡಿಸುತ್ತೇನೆ ಎಂದರೆ ಜನ ನಾಳೆ ಬಂದು ಗಟಾರ ನೋಡುತ್ತಾರೆ. ತೋಪು ತಿರುಗಿಸುತ್ತೇನೆ ಎಂದರೆ ಮೊಮ್ಮಕ್ಕಳ ಕಾಲಕ್ಕೂ ತಿರುಗಿಸಲು ಬಾಕಿ ಇರುತ್ತದೆ. ಮುಗಿಯದ ಕೆಲಸಕ್ಕೆ ಬಿಲ್ಲು ಕೇಳುವವರಿಲ್ಲ.

ಆ ಬುರುಜಿನ ಮೇಲೆ ತೋಪಿನ ಪಕ್ಕ ಒಂದು ನೀರಿನ ತೊಟ್ಟಿ ಇತ್ತಂತೆ. ಚಿಕ್ಕವನಿದ್ದಾಗ ಶಾಲೆಯ ಪ್ರವಾಸದಲ್ಲಿ ಕೇಳಿದ ಕಥೆ: ಬತ್ತಿಗೆ ಬೆಂಕಿ ಹಚ್ಚಿದ ಗೋಲಂದಾಜ ಓಡಿ ಬಂದು ಆ ತೊಟ್ಟಿಯೊಳಗೆ ತಲೆ ಮುಳುಗಿಸಿ ಕುಳಿತುಬಿಡುತ್ತಿದ್ದ. ಇಲ್ಲದಿದ್ದರೆ ಸದ್ದಿಗೆ ಕಿವಿ ಒಡೆದು ಹೋಗುತ್ತಿತ್ತು. ಹಾರಿಸಿದವನು ನೀರಿನಲ್ಲಿ ಕ್ಷೇಮ; ಗೋಡೆಯ ಮೇಲೆ ಸುಮ್ಮನೆ ನಿಂತು ನೋಡಿದವನು ಕಿವುಡ. ಅಂದು ಮಾರ್ಗದರ್ಶಿ ಇದನ್ನು ಹೇಳಿದಾಗ ನಾವು ಹುಡುಗರು ಬಿದ್ದು ಬಿದ್ದು ನಕ್ಕಿದ್ದೆವು. ಸಾಹೇಬರು ಕೂಡ ಯಾವುದೋ ಶಾಲೆಯ ಪ್ರವಾಸದಲ್ಲಿ ಬಂದಿರಬೇಕು. ಅವರು ನಗದೆ ತೊಟ್ಟಿಯ ಆಳ ಅಳೆದುಕೊಂಡು ಹೋದಂತೆ ಕಾಣುತ್ತದೆ.

ಎದುರು ಪಕ್ಷದ ನಾಯಕರು ಸುಮ್ಮನಿದ್ದಾರೆಯೇ? “ನನ್ನ ಹೆಣದ ಮೇಲೆ ತೋಪು ತಿರುಗಿಸಿ” ಎಂದು ಗುಡುಗಿದರು. ಆ ಗುಡುಗು ಕೇಳಿ ಸಾಹೇಬರ ಮನೆಯಲ್ಲಿ ಪೇಢೆ ಹಂಚಿದರಂತೆ. ಮಾಸ್ತರರು ಆಸೆಯಿಂದ ಎದುರು ಪಕ್ಷದವರ ಬಳಿ ಹೋಗಿ ಸಾಹೇಬರ ಪ್ರಮಾಣಪತ್ರ ತೋರಿಸಿದರು. ಅವರು ಪುಟ ತಿರುಗಿಸಿ ನೋಡಿ, “ಇದು ವೈಯಕ್ತಿಕ ವಿಷಯ, ನಾವು ಸಿದ್ಧಾಂತದ ರಾಜಕಾರಣ ಮಾಡುವವರು” ಎಂದು ಮಡಚಿ ಹಿಂದಿರುಗಿಸಿದರು. ಮನೆಗೆ ಬಂದ ಮಾಸ್ತರರು ಅನುಮಾನದಿಂದ ಅವರ ಪ್ರಮಾಣಪತ್ರವನ್ನೂ ಇಳಿಸಿ ನೋಡಿದರು. 4 ಎಕರೆ 52 ಆಗಿತ್ತು. ವಾಹನ: ಇಲ್ಲ. ಇವರ ಪತ್ನಿ ಮೂರು ಕೋಟಿ ಸಾಲ ಕೊಟ್ಟಿದ್ದಾರೆ. ಡಬ್ಬಿ ಇನ್ನೂ ದೊಡ್ಡದು.

ಸುಳ್ಳು ಪ್ರಮಾಣಪತ್ರಕ್ಕೆ ಪ್ರಜಾಪ್ರತಿನಿಧಿ ಕಾಯ್ದೆಯ 125ಎ ಕಲಮಿನಡಿ ಆರು ತಿಂಗಳವರೆಗೆ ಸಜೆ, ಇಲ್ಲವೇ ದಂಡ, ಇಲ್ಲವೇ ಎರಡೂ. ಇದಲ್ಲದೆ ಶಾಸಕರು ಪ್ರತಿ ವರ್ಷ ಜೂನ್ 30ರೊಳಗೆ ಲೋಕಾಯುಕ್ತಕ್ಕೆ ಆಸ್ತಿ ವಿವರ ಕೊಡಬೇಕು. ಮಾಸ್ತರರು ಇದನ್ನೆಲ್ಲ ನೀಟಾಗಿ ಬರೆದು ಮೊಬೈಲ್ ಗುಂಪುಗಳಿಗೆ ಕಳುಹಿಸಿದರು. ಗೋಲಗುಮ್ಮಟದಲ್ಲಿ ಗೋಡೆಗೆ ಬಾಯಿಟ್ಟು ಪಿಸುಗುಟ್ಟಿದ್ದು ಎದುರು ಗೋಡೆಯವನಿಗೆ ಕೇಳಿಸುತ್ತದೆ, ಒಂದು ಕೂಗು ಏಳು ಸಲ ಮರಳಿ ಬರುತ್ತದೆ ಎನ್ನುತ್ತಾರೆ. ಆ ಗುಮ್ಮಟ ಕಟ್ಟಿದವರ ಊರಿನಲ್ಲಿ ಮಾಸ್ತರರ ಬರಹಕ್ಕೆ ಬಂದ ಮರುದನಿ ಒಂದೇ: “ಮೊದಲು ನೀವು ತೋಪಿನ ವಿಷಯದಲ್ಲಿ ನಿಮ್ಮ ನಿಲುವು ಸ್ಪಷ್ಟಪಡಿಸಿ.”

ಮಾಸ್ತರರು ನಿಲುವು ಸ್ಪಷ್ಟಪಡಿಸಲಿಲ್ಲ. ಆದ್ದರಿಂದ ಈಗ ಅವರು ಊರದ್ರೋಹಿ. ಅವರ ಬಳಿ ಟ್ಯೂಷನ್ನಿಗೆ ಬರುತ್ತಿದ್ದ ಹನ್ನೊಂದು ಮಕ್ಕಳಲ್ಲಿ ಏಳು ಜನ ಬಿಟ್ಟಿದ್ದಾರೆ. ಉಳಿದ ನಾಲ್ವರಿಗೆ ಅವರು ಈಗ ಅನುಪಾತ ಹೇಳಿಕೊಡುತ್ತಿದ್ದಾರೆ. ಉದಾಹರಣೆ ಯಾವುದು ಎಂದು ಕೇಳಬೇಡಿ.

ನಾನೇನೂ ಸಾಚಾ ಎಂದು ತಿಳಿಯಬೇಡಿ. ಮಾಸ್ತರರು ಆ ಎರಡೂ ಪ್ರಮಾಣಪತ್ರಗಳನ್ನು ಮೊದಲ ದಿನವೇ ನನಗೆ ಕಳುಹಿಸಿ, “ನೀನು ಬರೆಯುವವನು, ಓದಿ ಬರೆ” ಎಂದಿದ್ದರು. ಓದುತ್ತೇನೆ ಎಂದೆ. ಅಷ್ಟರಲ್ಲಿ ತೋಪು ಬಂತಲ್ಲ! ತೋಪಿನ ದಿಕ್ಕಿನ ಬಗ್ಗೆ ನಾನು ಮೂರು ಲೇಖನ ಬರೆದೆ. ಒಂದರಲ್ಲಿ ನೈರುತ್ಯವನ್ನು ಸಮರ್ಥಿಸಿದೆ. ಅದಕ್ಕೆ ಬಂದ ಮೆಚ್ಚುಗೆ ನೋಡಿ ಎರಡು ದಿನ ನೆಲದ ಮೇಲೆ ಕಾಲಿರಲಿಲ್ಲ. ಮೇಲೆ ಹೇಳಿದ ಎಕರೆಗಳ ಲೆಕ್ಕ ಕೂಡ ನಾನು ಓದಿ ತಿಳಿದದ್ದಲ್ಲ, ಕಟ್ಟೆಯ ಮೇಲೆ ಕೇಳಿದ್ದು.

ನಿನ್ನೆ ರಾತ್ರಿ ಸಾಹೇಬರ ಹೊಸ ಭಾಷಣದ ವಿಡಿಯೊ ಬಂತು. ಈ ಸಲ ತೋಪಿಗೆ ತಿಲಕ ಇಡುವುದು ಎಡಗೈಯಿಂದಲೋ ಬಲಗೈಯಿಂದಲೋ ಎಂಬ ವಿವಾದವಂತೆ. ತೆರೆಯಲು ಹೋದರೆ ಮೊಬೈಲಿನಲ್ಲಿ ಜಾಗವಿಲ್ಲ. ಒಂದೂವರೆ ತಿಂಗಳ ತೋಪು ಅಷ್ಟನ್ನೂ ತಿಂದುಹಾಕಿತ್ತು. ಮೊಬೈಲು ತಾನೇ ಒಂದು ದಾರಿ ತೋರಿಸಿತು: ಇಲ್ಲಿಯವರೆಗೆ ತೆರೆಯದ ಎರಡು ಕಡತಗಳಿವೆ, ಅಳಿಸಲೇ?

ಹೆಬ್ಬೆರಳು ಒತ್ತಿದ ಮೇಲೆ ಅವು ಯಾವ ಕಡತಗಳು ಎಂದು ನೆನಪಾಯಿತು. ಅಷ್ಟರಲ್ಲಿ ವಿಡಿಯೊ ಶುರುವಾಗಿತ್ತು.