ಮೇಷ್ಟ್ರ ಬಾತುಕೋಳಿ ಮತ್ತು ನನ್ನ ಜೀಪು

ಇವತ್ತು ಬೆಳಗ್ಗೆ ಮತ್ತೆ ಬಾತುಕೋಳಿ ಬಿತ್ತು. ಅದೂ ನನ್ನ ಜೀಪಿನ ಎಡಗಡೆ ಮಡ್‌ಗಾರ್ಡಿನ ಮೇಲಿಂದ, ಬಣ್ಣ ಹೊಡೆದು ಮೂರೇ ದಿನ ಆಗಿದ್ದ ಜಾಗದಿಂದ. ಸುಮ್ನೆ ಬಿದ್ದಿದ್ದರೆ ಬೇಜಾರಿರಲಿಲ್ಲ, ಅದರ ದೆಸೆಯಿಂದ ಒಂದು ಗೀರು ಬೇರೆ ಆಗಿದೆ. ಉಗುರಿನಷ್ಟು ಉದ್ದ. 'ಕಾಣೋದೇ ಇಲ್ಲ ಬಿಡಿ' ಅನ್ನುತ್ತಾಳೆ ಹೆಂಡತಿ. ನನಗೆ ಬೀದಿಯ ಆ ತುದಿಯಿಂದಲೇ ಕಾಣುತ್ತದೆ.

ಬಾತುಕೋಳಿ ಅಂದರೆ ಜೀವ ಇರುವುದಲ್ಲ. ಫ್ರಿಜ್ಜಿನ ಬಾಗಿಲಿಗೆ ಅಂಟಿಸುತ್ತಾರಲ್ಲ, ಆ ಥರದ ಹಳದಿ ಪ್ಲಾಸ್ಟಿಕ್ ಬೊಂಬೆ. ಬೆನ್ನಿಗೆ ದುಂಡನೆಯ ಅಯಸ್ಕಾಂತ. ಅದರ ಒಡೆಯರು ಪಕ್ಕದ ಮನೆ ಮೇಷ್ಟ್ರು. ವಿಜ್ಞಾನ ಪಾಠ ಮಾಡಿ ನಿವೃತ್ತರಾದವರು. ನಿವೃತ್ತಿ ಶಾಲೆಯಿಂದ ಮಾತ್ರ, ತಪ್ಪು ಹುಡುಕುವ ಕೆಲಸದಿಂದ ಅಲ್ಲ.

ಹಳೇ ಫೋರ್ ವೀಲ್ ಡ್ರೈವ್ ಗಾಡಿಯ ಹುಚ್ಚು ಹಿಡಿದವರಿಗೆಲ್ಲ ಒಂದು ವಿಷಯ ಗೊತ್ತಿರುತ್ತದೆ. ಮಾರುವವರೆಲ್ಲ ಹೇಳುವ ಮಾತು ಒಂದೇ. 'ಸಣ್ಣಪುಟ್ಟ ಕೆಲಸ ಇದೆ ಅಷ್ಟೇ ಸಾರ್, ಗಾಡಿ ಮಾತ್ರ ಕಲ್ಲಿದ್ದಂಗಿದೆ.' ನನಗೆ ಮಾರಿದವನೂ ಇದನ್ನೇ ಹೇಳಿದ. ಪಾಪ, ಸುಳ್ಳು ಹೇಳಲಿಲ್ಲ. ಗಾಡಿ ನಿಜಕ್ಕೂ ಕಲ್ಲೇ ಆಗಿತ್ತು. ಕಬ್ಬಿಣದ ತಗಡು ಇರಬೇಕಾದ ಕಡೆಯೆಲ್ಲ ಪುಟ್ಟಿ ಮೆತ್ತಿದ್ದರು. ಪುಟ್ಟಿ ಅಂದರೆ ಪಾಲಿಯೆಸ್ಟರ್ ಅಂಟು ಮತ್ತು ಟಾಲ್ಕ್ ಎಂಬ ಕಲ್ಲಿನ ಪುಡಿ. ಗಟ್ಟಿಯಾಗಿಸುವ ರಸಾಯನ ಒಂದಿಷ್ಟು ಬೆರೆಸಿದರೆ ಕೆಲವೇ ನಿಮಿಷದಲ್ಲಿ ಸೆಟ್ ಆಗುತ್ತದೆ. ಚಿಕ್ಕ ತಗ್ಗು ಮುಚ್ಚುವುದಕ್ಕೆ ಎರಡು ಮೂರು ಮಿಲಿಮೀಟರ್ ತೆಳ್ಳಗೆ ಹಚ್ಚಬೇಕು. ನನ್ನ ಜೀಪಿನ ಮೇಲೆ ಅದು ಹೆಬ್ಬೆರಳಿನಷ್ಟು ದಪ್ಪ ಇತ್ತು.

ಇದನ್ನು ಕಂಡುಹಿಡಿದದ್ದು ನಾನಲ್ಲ. ನಾನು ಕೊಳ್ಳುವಾಗ ನೋಡಿದ್ದು ದೊಡ್ಡ ಟೈರು, ಹಿಂದೆ ನೇತಾಡುವ ಸ್ಟೆಪ್ನಿ, ಗೇರಿನ ಪಕ್ಕ ಇನ್ನೊಂದು ಪುಟ್ಟ ಗೇರು. ಮನಸ್ಸಿನಲ್ಲಾಗಲೇ ಎರಡು ಬೆಟ್ಟ ಹತ್ತಿ ಇಳಿದಿದ್ದೆ. ಜೀಪು ಮನೆಗೆ ಬಂದ ಮಾರನೇ ದಿನ ಮೇಷ್ಟ್ರು ಬಂದರು. ಒಂದು ಸುತ್ತು ಹಾಕಿದರು. ಬೆರಳಿನ ಗೆಣ್ಣಿನಿಂದ ಅಲ್ಲಲ್ಲಿ ತಟ್ಟಿದರು. ಏನೂ ಹೇಳದೆ ಮನೆಗೆ ಹೋಗಿ ಬಾತುಕೋಳಿ ತಂದರು.

ಬಾನೆಟ್ಟಿನ ಮೇಲಿಟ್ಟರು, ಅಂಟಿತು. ಎಡ ಮಡ್‌ಗಾರ್ಡಿನ ಮೇಲಿಟ್ಟರು.

"ಬಿತ್ತು," ಅಂದರು.

ಆ ದನಿ ಹೇಗಿರುತ್ತದೆ ಅಂತ ಹೇಳುವುದು ಕಷ್ಟ. ಉತ್ತರ ಪತ್ರಿಕೆ ವಾಪಸ್ ಕೊಡುವಾಗ ಹಿಂದಿನ ಬೆಂಚಿನವರಿಗೆ ಕೇಳಿಸುತ್ತಿತ್ತಲ್ಲ, ಅದು. ಸಿಟ್ಟಿಲ್ಲ, ಮರುಕ ಇಲ್ಲ. ಬರೀ ವರದಿ. ಜೇಬಿನಿಂದ ಸೀಮೆಸುಣ್ಣ ತೆಗೆದು ಬಿದ್ದ ಜಾಗಕ್ಕೊಂದು ಕತ್ತರಿ ಗುರುತು ಹಾಕಿದರು. ನಿವೃತ್ತರಾಗಿ ಎಷ್ಟೋ ವರ್ಷವಾದ ಮನುಷ್ಯನ ಜೇಬಿನಲ್ಲಿ ಸೀಮೆಸುಣ್ಣ ಯಾಕಿತ್ತು ಅಂತ ಕೇಳುವ ಧೈರ್ಯ ಇವತ್ತಿಗೂ ಬಂದಿಲ್ಲ. ಹಿಂದಿನ ಮೂಲೆ, ಬಿತ್ತು. ಪಕ್ಕದ ತಗಡು, ಬಿತ್ತು. ಅದರ ಕೆಳಗಡೆ, ಇಡುವ ಮೊದಲೇ ಬಿತ್ತು. ಅರ್ಧ ಗಂಟೆಯಲ್ಲಿ ನನ್ನ ಜೀಪು ಗಣಿತದಲ್ಲಿ ಫೇಲಾದ ಹುಡುಗನ ಪತ್ರಿಕೆಯ ಹಾಗೆ ಕಾಣತೊಡಗಿತು.

ಮಾನ ಉಳಿಸಿಕೊಳ್ಳಲು ನಾನೂ ಒಂದು ಪಟ್ಟು ಹಾಕಿದೆ. ಹಳೇ ಲ್ಯಾಂಡ್ ರೋವರ್ ಗಾಡಿಗಳ ಮೈ ಅಲ್ಯೂಮಿನಿಯಂ ಮಿಶ್ರಲೋಹದ್ದು. ಅವು 1948ರಲ್ಲಿ ಬಂದಾಗ ಯುದ್ಧ ಮುಗಿದು ಉಕ್ಕಿಗೆ ಬರ ಇತ್ತು, ಅದಕ್ಕೇ ಹಾಗೆ. ಎಲ್ಲೋ ಓದಿದ್ದು ಸಮಯಕ್ಕೆ ನೆನಪಾಯಿತು.

"ಸಾರ್, ಕೆಲವು ಗಾಡಿಗಳದ್ದು ಅಲ್ಯೂಮಿನಿಯಂ ಬಾಡಿ ಇರುತ್ತೆ. ಅದಕ್ಕೆ ಅಯಸ್ಕಾಂತ ಅಂಟಲ್ಲ," ಅಂದೆ.

ಮೇಷ್ಟ್ರು ಬಗ್ಗಿ ನೋಡಿದರು. ಕೆಂಪು ಪುಡಿ ಉದುರುತ್ತಿದ್ದ ಅಂಚಿಗೆ ಬೆರಳು ತಾಗಿಸಿ, ಆ ಬೆರಳನ್ನು ನನ್ನ ಮುಖದ ಮುಂದೆ ಹಿಡಿದರು.

"ಹಾಗಾದ್ರೆ ಇದಕ್ಕೆ ತುಕ್ಕು ಹೇಗೆ ಹಿಡೀತಪ್ಪಾ?"

ಆಮೇಲೆ ಪಾಠ ಶುರುವಾಯಿತು. ಕಬ್ಬಿಣಕ್ಕಿಂತ ತುಕ್ಕು ಜಾಸ್ತಿ ಜಾಗ ಹಿಡಿಯುತ್ತದಂತೆ, ಅದಕ್ಕೇ ಬಣ್ಣ ಗುಳ್ಳೆಯೇಳುತ್ತದಂತೆ, ಗುಳ್ಳೆ ಕಂಡರೆ ಒಳಗೆ ಕೆಲಸ ಮುಗಿದಿದೆ ಅಂತ ತಿಳಿಯಬೇಕಂತೆ. ಒಂದು ಗುಳ್ಳೆಗೆ ಸ್ಕ್ರೂಡ್ರೈವರ್ ಒತ್ತಿ ನೋಡು ಅಂದರು. ಒತ್ತಿದೆ. ಹಿಡಿಯ ತನಕ ಒಳಗೆ ಹೋಯಿತು. ಪುಟ್ಟಿಯ ಹಿಂದೆ ತಂತಿ ಜಾಲರಿ, ಜಾಲರಿಯ ಹಿಂದೆ ಮಡಚಿ ತುರುಕಿದ ಹಳೇ ಪೇಪರ್. ಪೇಪರಿನಲ್ಲಿ ಯಾರೋ ಅರ್ಧ ತುಂಬಿದ್ದ ಪದಬಂಧ. ನಾನು ತೂತು ನೋಡಿಕೊಂಡು ಅಳುವ ಹಾಗಿದ್ದೆ. ಮೇಷ್ಟ್ರು ಕನ್ನಡಕ ಏರಿಸಿ ಪದಬಂಧ ಓದುತ್ತಿದ್ದರು.

"ಎಡದಿಂದ ಬಲಕ್ಕೆ ಏಳನೇದು ತಪ್ಪು," ಅಂದರು.

ಅಂದಿನಿಂದ ನನ್ನ ಬದುಕು ಇಬ್ಬರ ಮಧ್ಯೆ ಸಿಕ್ಕಿಕೊಂಡಿದೆ. ತೂತು ಹುಡುಕಲು ಮೇಷ್ಟ್ರು, ತೂತು ಮುಚ್ಚಲು ಮೇಸ್ತ್ರಿ. ಮೇಸ್ತ್ರಿ ಒಳ್ಳೇ ಕೆಲಸಗಾರ. ಆದರೆ ಅವನಿಗೆ 'ಒಂದ್ ಸಣ್ಣ ಕೆಲಸ ಇದೆ ಸಾರ್' ಅನ್ನುವ ಕಾಯಿಲೆ. ಬ್ರೇಕಿನ ಪೈಪು ಬದಲಾಯಿಸಲು ಹೋದರೆ ಅದನ್ನು ಹಿಡಿದುಕೊಂಡಿದ್ದ ಕ್ಲಿಪ್ಪು ಮುರಿದಿರುತ್ತದೆ. ಕ್ಲಿಪ್ಪು ಕೂರಿಸಲು ಹೋದರೆ ಅದರ ಹಿಂದಿನ ತಗಡು ಕೈಗೆ ಬರುತ್ತದೆ. ತಗಡು ಬೆಸೆಯಬೇಕೆಂದರೆ ಪೆಟ್ರೋಲ್ ಟ್ಯಾಂಕ್ ಇಳಿಸಬೇಕು. ಟ್ಯಾಂಕ್ ಇಳಿಸಿದರೆ ಅದರ ತಳ ಕಾಣುತ್ತದೆ. ತಳ ನೋಡಿದ ಮೇಲೆ ಮೇಸ್ತ್ರಿ ತಲೆ ಕೆರೆದುಕೊಳ್ಳುತ್ತಾನೆ. ನಾನು ಲೆಕ್ಕದ ಪುಸ್ತಕ ತೆಗೆಯುತ್ತೇನೆ. ಆ ಪುಸ್ತಕದಲ್ಲಿ ಜೀಪು ಕೊಂಡ ಲೆಕ್ಕ ಒಂದು ಸಾಲು, ಮಿಕ್ಕ ಹನ್ನೊಂದು ಪುಟ 'ಸಣ್ಣ ಕೆಲಸ'.

ಖರ್ಚು ಉಳಿಸೋಣ ಅಂತ ಕೆಲವನ್ನು ನಾನೇ ಮಾಡಲು ಹೊರಟೆ. ಆಗ ನಟ್ಟು ಬೋಲ್ಟುಗಳ ಪರಿಚಯವಾಯಿತು. ನನಗಿಂತ ಮುಂಚೆ ಈ ಜೀಪನ್ನು ಸಾಕಿದವರೆಲ್ಲ ಕೈಗೆ ಸಿಕ್ಕ ಬೋಲ್ಟು ಹಾಕಿದ್ದಾರೆ. ಅರ್ಧದಷ್ಟು ಇಂಚಿನ ಅಳತೆಯವು, ಮಿಕ್ಕವು ಮಿಲಿಮೀಟರಿನವು. ಅರ್ಧ ಇಂಚು ಅಂದರೆ 12.7 ಮಿಲಿಮೀಟರ್. ಅದಕ್ಕೆ 13ರ ಸ್ಪ್ಯಾನರ್ ಹಾಕಿದರೆ ಕೂತಂತೆ ಕೂರುತ್ತದೆ, ತಿರುಗಿಸಿದರೆ ಜಾರುತ್ತದೆ. ಮೂರು ಸಲ ಜಾರಿದ ಮೇಲೆ ಬೋಲ್ಟಿನ ಆರು ಮೂಲೆ ಸವೆದು ಗೋಲಿಯಾಗುತ್ತದೆ. ಮುಕ್ಕಾಲು ಇಂಚಿಗೆ ಮಾತ್ರ 19ರ ಸ್ಪ್ಯಾನರ್ ಹೆಚ್ಚುಕಮ್ಮಿ ಸರಿಯಾಗಿ ಹೊಂದುತ್ತದೆ. ಇಡೀ ಜೀಪಿನಲ್ಲಿ ನನ್ನ ಮೇಲೆ ಕರುಣೆ ತೋರಿಸಿದ್ದು ಅದೊಂದೇ.

ಬ್ರೇಕಿನ ಗಾಳಿ ತೆಗೆಯುವ ಕೆಲಸಕ್ಕೆ ಇಬ್ಬರು ಬೇಕು. ಒಬ್ಬರು ಪೆಡಲ್ ಒತ್ತಿ ಹಿಡಿಯಬೇಕು, ಇನ್ನೊಬ್ಬರು ಚಕ್ರದ ಹತ್ತಿರ ನಿಪ್ಪಲ್ ಎಂಬ ಪುಟ್ಟ ತಿರುಪು ಸಡಿಲಿಸಿ, ಗಾಳಿ ಹೋದ ಮೇಲೆ ಬಿಗಿ ಮಾಡಬೇಕು. ಬಿಗಿ ಮಾಡುವ ಮೊದಲೇ ಪೆಡಲ್ ಬಿಟ್ಟರೆ ಹೋದ ಗಾಳಿ ವಾಪಸ್ ಬರುತ್ತದೆ. ಹೆಂಡತಿಯನ್ನು ಸೀಟಿನ ಮೇಲೆ ಕೂರಿಸಿ ನಾನು ಕೆಳಗೆ ತೂರಿದೆ.

"ಒತ್ತು."

"ಒತ್ತಿದೀನಿ."

"ಬಿಡಬೇಡ."

"ಬಿಡ್ಲಾ?"

"ಬಿಡಬೇಡ!"

"ಬಿಟ್ಟೆ ಕಣ್ರೀ."

ನಾಲ್ಕು ಚಕ್ರ, ಒಂದೊಂದಕ್ಕೂ ಹೀಗೆ ಹತ್ತು ಹನ್ನೆರಡು ಸಲ. ಗಾಳಿ ಜೀಪಿನಿಂದ ಹೊರಟು ಸಂಸಾರದೊಳಗೆ ಸೇರಿಕೊಂಡಿತು. ಎರಡು ದಿನ ಮಾತಿಲ್ಲ.

ಇಷ್ಟಾದರೂ ಅಲಂಕಾರದ ಆಸೆ ಬಿಡಲಿಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂ ಅಂತ ಗಾದೆ ಮಾಡಿದವನ ಹತ್ತಿರವೂ ಒಂದು ಹಳೇ ಜೀಪು ಇದ್ದಿರಬೇಕು. ಸೆಕೆಂಡ್ ಹ್ಯಾಂಡಿನಲ್ಲಿ ಒಂದು ಎಲ್‌ಇಡಿ ಲೈಟ್ ಬಾರ್ ತಂದೆ. 120 ವ್ಯಾಟಿನದು. 12 ವೋಲ್ಟಿನ ಬ್ಯಾಟರಿಯಲ್ಲಿ ಅದು 10 ಆಂಪಿಯರ್ ಎಳೆಯುತ್ತದೆ. ಅಷ್ಟು ಕರೆಂಟು ಸ್ವಿಚ್ಚಿನ ಮೂಲಕ ಹೋಗದ ಹಾಗೆ ತಾನೇ ಹೊರುವ ರಿಲೇ ಮಧ್ಯೆ ಹಾಕಬೇಕು. ನಾನು ರಿಲೇ ದುಡ್ಡು ಉಳಿಸಿದೆ, ಹಳೇ ಸ್ವಿಚ್ಚಿಗೇ ನೇರ ಜೋಡಿಸಿದೆ. ಐದು ನಿಮಿಷ ಬೀದಿಯೆಲ್ಲ ಹಗಲಾಯಿತು, ಆರನೇ ನಿಮಿಷಕ್ಕೆ ಸ್ವಿಚ್ಚು ಕರಗಿತು. ದೊಡ್ಡ ಟೈರಿನ ಕಥೆ ಇನ್ನೊಂದು ಥರ. ಮೊದಲು 28 ಇಂಚಿನ ಟೈರು ಇದ್ದಿತಂತೆ, ಈಗ ಇರುವುದು 31. ಮೀಟರಿಗೆ ಇದನ್ನು ಯಾರೂ ಹೇಳಿಲ್ಲ. ಅದು 60 ತೋರಿಸುವಾಗ ಗಾಡಿ 66ರಲ್ಲಿ ಇರುತ್ತದೆ. ಸ್ಟಿಯರಿಂಗ್ ಪೂರ್ತಿ ತಿರುಗಿಸಿದರೆ ಟೈರು ಮಡ್‌ಗಾರ್ಡಿಗೆ ಉಜ್ಜಿ, ಬೆಕ್ಕಿನ ಬಾಲ ತುಳಿದ ಹಾಗೆ ಕೂಗುತ್ತದೆ.

ಸ್ನಾರ್ಕೆಲ್ ಹಾಕಿಸಬೇಕೆಂದೂ ಇತ್ತು. ಇಂಜಿನ್ ಗಾಳಿ ಎಳೆಯುವ ಬಾಯಿಯನ್ನು ಚಾವಣಿಯ ಎತ್ತರಕ್ಕೆ ಒಯ್ಯುವ ಕೊಳವೆ ಅದು. ನೀರು ದಾಟುವಾಗ ಇಂಜಿನ್ ನೀರು ಕುಡಿದರೆ ಮುಗಿಯಿತು, ನೀರನ್ನು ಗಾಳಿಯ ಹಾಗೆ ಅದುಮಲು ಆಗುವುದಿಲ್ಲ, ಒಳಗೆ ಪಿಸ್ಟನ್ ಹಿಡಿದಿರುವ ಕನೆಕ್ಟಿಂಗ್ ರಾಡೇ ಬಗ್ಗಿಹೋಗುತ್ತದೆ. ಇದನ್ನೆಲ್ಲ ಮೇಸ್ತ್ರಿಗೆ ವಿವರಿಸಿದೆ. ಅವನು ನೆಲದ ತಗಡಿನ ತೂತುಗಳ ಮೂಲಕ ರಸ್ತೆ ನೋಡುತ್ತಾ ಕೇಳಿದ, "ಇಂಜಿನ್‌ಗಿಂತ ಮೊದಲು ನೀವೇ ಮುಳುಗ್ತೀರಲ್ಲ ಸಾರ್?"

1940ರಲ್ಲಿ ಅಮೆರಿಕದ ಸೇನೆ ಜೀಪಿನ ಮೊದಲ ಮಾದರಿ ಮಾಡಿಕೊಡಲು ಕೊಟ್ಟ ಗಡುವು 49 ದಿನ. ಬ್ಯಾಂಟಮ್ ಎಂಬ ಸಣ್ಣ ಕಂಪನಿ ಅಷ್ಟರೊಳಗೆ ಮಾಡಿ ಒಪ್ಪಿಸಿತು. ಕಾಗದದಿಂದ ಶುರುಮಾಡಿ, ಇಡೀ ಗಾಡಿ. ನನ್ನ ಒಂದು ಮಡ್‌ಗಾರ್ಡಿಗೆ ಐದು ತಿಂಗಳು ಹಿಡಿದಿದೆ. ಈ ವಿಷಯವನ್ನು ಹೆಂಡತಿಗೆ ನಾನೇ ಬಾಯಿಬಿಟ್ಟು ಹೇಳಿದ್ದು. ಅದು ನನ್ನ ದಡ್ಡತನ.

ಮಧ್ಯೆ ಒಂದು ಸಂಜೆ ಡ್ಯಾಶ್‌ಬೋರ್ಡಿನ ಪುಟ್ಟ ಮುಚ್ಚಳ ಬಿಚ್ಚಿ ಉಪ್ಪುಕಾಗದ ತಿಕ್ಕುತ್ತಿದ್ದೆ. ಒಳಮೈಯಲ್ಲಿ ಪೆನ್ಸಿಲಿನಲ್ಲಿ ಏನೋ ಬರೆದಿತ್ತು. 'ಆಯಿಲ್', ಮುಂದೆ ಕಿಲೋಮೀಟರ್. ಅದರ ಕೆಳಗೆ ಮತ್ತೆ 'ಆಯಿಲ್', ಮತ್ತೆ ಕಿಲೋಮೀಟರ್. ಒಂದೇ ಕೈಬರಹ, ಉದ್ದಕ್ಕೆ ಇಪ್ಪತ್ತಮೂರು ಸಾಲು. ಮೊದಮೊದಲು ಅಕ್ಷರ ಮುತ್ತಿನ ಹಾಗಿದೆ. ಕೆಳಗೆ ಬರುತ್ತಾ ನಡುಗಿದೆ. ಕೊನೆಯ ಸಾಲಿನಲ್ಲಿ 'ಆಯಿಲ್' ಅಂತ ಬರೆದು ಕಿಲೋಮೀಟರ್ ಬರೆದಿಲ್ಲ. ಪುಟ್ಟಿ ಮೆತ್ತಿದವನು ಈ ಮನುಷ್ಯ ಇರಲಾರ, ಬೇರೆ ಯಾರೋ. ನಾನು ಉಪ್ಪುಕಾಗದ ಕೆಳಗಿಟ್ಟೆ. ಆ ಮುಚ್ಚಳಕ್ಕೆ ಹೊರಗಡೆ ಮಾತ್ರ ಬಣ್ಣ ಹೊಡೆದಿದ್ದೇನೆ.

ಇರಲಿ, ಗೀರಿನ ವಿಷಯಕ್ಕೆ ಬರುತ್ತೇನೆ.

ಎಡ ಮಡ್‌ಗಾರ್ಡನ್ನು ಈ ಸಲ ಮೋಸ ಇಲ್ಲದೆ ಮಾಡಿಸಿದ್ದೆ. ಕೊಳೆತ ಭಾಗ ಪೂರ್ತಿ ಕತ್ತರಿಸಿ, ಹೊಸ ತಗಡು ಬೆಸೆದು, ತುಕ್ಕು ತಡೆಯುವ ಪ್ರೈಮರ್ ಬಳಿದು, ಮೇಲೆ ಹಸಿರು ಬಣ್ಣ. ಮೂರು ದಿನದಿಂದ ಮೇಷ್ಟ್ರಿಗೇ ಕಾಯುತ್ತಿದ್ದೆ. ಇವತ್ತು ಬಂದರು. ಬಾತುಕೋಳಿಯನ್ನು ಅಂಗಿಯ ತುದಿಯಲ್ಲಿ ಒರೆಸಿ, ಮಡ್‌ಗಾರ್ಡಿಗೆ ಇಟ್ಟು ಕೈ ಬಿಟ್ಟರು.

ಬಾತುಕೋಳಿ ನೆಲದ ಮೇಲಿತ್ತು.

"ಬಿ..." ಅಂದವರು ಅಲ್ಲಿಗೇ ನಿಲ್ಲಿಸಿದರು. ಸೀಮೆಸುಣ್ಣ ಅರ್ಧ ಜೇಬಿನೊಳಗೆ, ಅರ್ಧ ಹೊರಗೆ. ಬಾತುಕೋಳಿ ಕೆಳಗಿತ್ತು, ಆದರೆ ಅದರ ಬೆನ್ನಿನ ಅಯಸ್ಕಾಂತ ಮಡ್‌ಗಾರ್ಡಿಗೆ ಕಚ್ಚಿಕೊಂಡು ಅಲ್ಲೇ ಕೂತಿತ್ತು. ಐದು ತಿಂಗಳು ಬಿದ್ದೂ ಬಿದ್ದೂ ಬೊಂಬೆಯ ಅಂಟೇ ಬಿಟ್ಟುಹೋಗಿದೆ.

ನಾನು ಕಾದೆ. ಒಂದು 'ಪರವಾಗಿಲ್ಲ' ಸಿಕ್ಕಿದ್ದರೂ ಸಾಕಿತ್ತು. ಮೇಷ್ಟ್ರು ಉಗುರು ತೂರಿಸಿ ಅಯಸ್ಕಾಂತ ಎಬ್ಬಿಸಲು ನೋಡಿದರು. ಬರಲಿಲ್ಲ. ಪಕ್ಕಕ್ಕೆ ಎಳೆದರು. ಹೊಸ ಹಸಿರಿನ ಮೇಲೆ ಕರ್ ಅಂದಿತು. ಕೈಗೆ ಬಂದ ಬಿಲ್ಲೆಯನ್ನೂ ನೆಲದ ಬಾತುಕೋಳಿಯನ್ನೂ ಹಿಡಿದುಕೊಂಡು, ಅದರ ಬೆನ್ನಿನ ಗುಂಡಿ ನೋಡುತ್ತಾ ತುಂಬಾ ಹೊತ್ತು ನಿಂತರು.

"ಪುಟ್ಟಿ ಏನಾದ್ರೂ ಮಿಕ್ಕಿದೆಯೇನಪ್ಪಾ?"

ಡಬ್ಬ ತಂದುಕೊಟ್ಟೆ. ಎಷ್ಟು ಹಾಕಬೇಕು ಅಂತ ಕೇಳಿದರು.

"ತೆಳ್ಳಗೆ ಹಾಕಿ ಸಾರ್," ಅಂದೆ. "ದಪ್ಪ ಹಾಕಿದ್ರೆ ಬಿರುಕು ಬಿಡುತ್ತೆ."